ಜಲ್ಲಿಗುಡ್ಡೆಯ ಮೇಲಿರುವ ನಮ್ಮ ಜೀಪಿನ ವಿಚಾರ

ಮಾನ್ಯ ಮೋಟಾರು ವಾಹನ ನಿರೀಕ್ಷಕರೇ,

ತಮ್ಮ ಕಚೇರಿಯ ಹಿತ್ತಲಲ್ಲಿ ಸುರಿದಿರುವ ಜಲ್ಲಿಗುಡ್ಡೆಯ ನೆತ್ತಿಯ ಮೇಲೆ ಮೂಗು ಆಕಾಶಕ್ಕೆ ಮಾಡಿಕೊಂಡು ನಿಂತಿದೆಯಲ್ಲ, ಆ ಹಸಿರು ಜೀಪು ನನ್ನದು. ಅದನ್ನು ಅಲ್ಲಿಗೆ ಹತ್ತಿಸಿದವರು ತಾವು. ಇಳಿಸಿಕೊಡಿ ಎಂದು ಕೇಳಿದರೆ, ‘ವಾಹನವನ್ನು ಮೂಲ ಸ್ಥಿತಿಗೆ ತಂದ ನಂತರವೇ ಬಿಡುಗಡೆಗೊಳಿಸಲಾಗುವುದು’ ಎಂಬ ಹಿಂಬರಹ ಕೈಗಿಟ್ಟು ಕಳಿಸುತ್ತೀರಿ. ಮೂಲ ಸ್ಥಿತಿಗೆ ತರಬೇಕಾದರೆ ಜೀಪು ನನ್ನ ಕೈಗೆ ಬರಬೇಕು. ನನ್ನ ಕೈಗೆ ಬರಬೇಕಾದರೆ ಅದು ಮೂಲ ಸ್ಥಿತಿಯಲ್ಲಿರಬೇಕು. ಇಂಥ ತರ್ಕವನ್ನು ಕೂತು ಸವಿಯುವಷ್ಟು ಪುರುಸೊತ್ತು ಬೇರೆ ಕಾಲದಲ್ಲಾದರೆ ನನಗೂ ಇರುತ್ತಿತ್ತು. ಈಗಿಲ್ಲ. ನನ್ನ ಚಿಕ್ಕವ್ವ ಮುನಿರತ್ನಮ್ಮನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿವೆ. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯದೇ ಕೊನೆಯದು. ಇನ್ನೇನಿದ್ದರೂ ಸೊಪ್ಪು ತಿನ್ನುವುದು, ಹಣ್ಣಾಗುವುದು, ಗೂಡು ಕಟ್ಟುವುದು. ಗೂಡಾದ ಮೇಲೆ ಹೊತ್ತಿಗೆ ಸರಿಯಾಗಿ ರಾಮನಗರದ ಮಾರುಕಟ್ಟೆ ಸೇರದಿದ್ದರೆ ಒಳಗಿನ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಗೂಡನ್ನು ಯಾವ ನೂಲು ತೆಗೆಯುವವನೂ ಮುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ನಮ್ಮೂರಿನಿಂದ ಗೂಡು ಹೊತ್ತು ಹೊರಗೆ ಬರಬಲ್ಲ ವಾಹನ ಒಂದೇ, ಅದು ತಮ್ಮ ಜಲ್ಲಿಯ ಮೇಲೆ ತಪಸ್ಸಿಗೆ ಕೂತಿದೆ.

ಮೂಲ ಸ್ಥಿತಿ ಎಂದಿರಿ. ಯಾವ ಮೂಲ, ಸ್ವಾಮಿ? ನಮ್ಮಪ್ಪ ಈ ಜೀಪನ್ನು ಮಿಲಿಟರಿಯವರ ಹರಾಜಿನಲ್ಲಿ ತಂದಾಗ ಅದರಲ್ಲಿ ಬಂದೂಕು ಸಿಕ್ಕಿಸುವ ಕೊಕ್ಕೆ ಇತ್ತು. ಮೂಲಕ್ಕೇ ಹೋಗುವುದಾದರೆ ಕೊಕ್ಕೆಯನ್ನು ಮತ್ತೆ ಬೆಸೆಸುತ್ತೇನೆ, ಬಂದೂಕನ್ನು ತಮ್ಮ ಇಲಾಖೆ ದಯಪಾಲಿಸಲಿ. ಆಗ ತಿಪ್ಪಸಂದ್ರದ ಕಡೆಯಿಂದ ನಮ್ಮೂರಿಗೆ ಬರುವ ದಾರಿ ದಾರಿಯೇ ಆಗಿತ್ತು. ಆಮೇಲೆ ಅಭಿವೃದ್ಧಿ ಬಂತು. ಕೆರೆಯಾಚೆಯ ಹುಲ್ಲುಗಾವಲಿಗೆ ‘ಕೈಗಾರಿಕಾ ಪ್ರದೇಶ’ ಎಂಬ ಬೋರ್ಡು ಬಂತು, ಬೋರ್ಡಿನ ಹಿಂದೆ ಬೇಲಿ, ಬೇಲಿಯ ಹಿಂದೆ ಟಿಪ್ಪರ್ ಲಾರಿಗಳು. ಅವು ಕಲ್ಲು ಹೊತ್ತು ಬಂದವು, ಮಣ್ಣು ಹೊತ್ತು ಹೋದವು; ಹೋಗುವಾಗ ಬರುವಾಗ ನಮ್ಮ ರಸ್ತೆಯನ್ನೂ ಒಸಿ ಒಸಿ ಹೊತ್ತುಕೊಂಡು ಹೋದವು. ಈಗ ಅಲ್ಲಿ ಉಳಿದಿರುವುದಕ್ಕೆ ಹಳ್ಳ ಎನ್ನಬಹುದು, ಕುಂಟೆ ಎನ್ನಬಹುದು. ರಸ್ತೆ ಎನ್ನುವವರು ನಕಾಶೆಯಲ್ಲಿ ಮಾತ್ರ ಇದ್ದಾರೆ. ಬೆಂಗಳೂರಿನ ಕೆಲವು ಹವ್ಯಾಸಿಗಳು ರಸ್ತೆಯಿಲ್ಲದ ಕಡೆ ಜೀಪು ಓಡಿಸುವ ಸುಖಕ್ಕೆ ಭಾನುವಾರ ಕಾಡು ಹುಡುಕಿಕೊಂಡು ಹೋಗುತ್ತಾರಂತೆ. ನಾವು ಆ ಸುಖವನ್ನು ಹಾಲಿನ ಡೈರಿಗೆ ಹೋಗುವಾಗಲೇ ಪಡೆಯುತ್ತೇವೆ.

ಆದ್ದರಿಂದ ನಾನು ಮಾಡಿದ್ದು ಇಷ್ಟೆ: ರಸ್ತೆ ಎಷ್ಟು ಕೆಳಕ್ಕೆ ಹೋಯಿತೋ ಜೀಪನ್ನು ಅಷ್ಟು ಮೇಲಕ್ಕೆತ್ತಿದೆ. ಇದರಲ್ಲಿ ಕಾನೂನುಭಂಗ ಎಲ್ಲಿ? ಸಮುದ್ರಮಟ್ಟದಿಂದ ಅಳೆದು ನೋಡಿ, ಜೀಪು ಇದ್ದಲ್ಲೇ ಇದೆ. ಎತ್ತಿದವನು ಮಾಗಡಿಯ ಮೆಕ್ಯಾನಿಕ್ ಗಫಾರ್. ಅವನ ಬಾಯಿಯೇ ಅವನ ಗ್ಯಾರೇಜಿನ ಅತಿ ದೊಡ್ಡ ಯಂತ್ರ. ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಸೇರಿಸಿದ, ಕೆಸರಿನಲ್ಲಿ ಕಚ್ಚಿ ಹಿಡಿಯುವ ಹಲ್ಲಿನ ಟೈರು ತೊಡಿಸಿದ, ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯಲು ಯಾವುದೋ ಕಲ್ಲು ಕ್ವಾರಿಯಲ್ಲಿ ಬಿದ್ದಿದ್ದ ಕೈವಿಂಚನ್ನು ತಂದು ಮುಂದಿನ ಬಂಪರಿಗೆ ಕೂರಿಸಿದ. ನೀರಿನಲ್ಲಿ ಇಳಿದಾಗ ಇಂಜಿನ್ನು ಉಸಿರಾಡಲಿ ಎಂದು ಬಾನೆಟ್ಟಿನ ಪಕ್ಕದಿಂದ ಟಾಪಿನವರೆಗೆ ಒಂದು ದಪ್ಪ ಪಿವಿಸಿ ಪೈಪು ಏರಿಸಿದ. ಅದನ್ನು ನೋಡಿ ಅರಳಿಕಟ್ಟೆಯಿಂದ ಒಬ್ಬ ಕೂಗಿದ: “ಏನ್ಲಾ ಮುನೇಶ, ಜೀಪಿಗೆ ಬೋರ್ ಹೊಡೆಸ್ಬುಟ್ಟಾ? ನೀರ್ ಎಷ್ಟಡಿಗ್ ಬಂತ್ಲಾ?” ಗಫಾರ್ ಮಾತ್ರ ಎದೆಯುಬ್ಬಿಸಿ ನಿಂತಿದ್ದ. “ನಗೋರು ನಗ್ಲಿ ಬುಡಣ್ಣ. ಇನ್ಮ್ಯಾಲೆ ಈ ಗಾಡಿ ಸಾವನದುರ್ಗನೂ ಹತ್ತತದೆ. ನೀನ್ ಬ್ಯಾಡ ಅಂದ್ರೂ ಹತ್ತತದೆ!” ಇದು ಅವನ ಎಂದಿನ ಬಡಾಯಿ ಎಂದುಕೊಂಡಿದ್ದೆ. ಬಡಾಯಿಯಲ್ಲ, ಎಚ್ಚರಿಕೆ ಎಂದು ತಮ್ಮ ಹಿತ್ತಲಲ್ಲಿ ತಿಳಿಯಿತು.

ಜೀಪು ಎತ್ತರವಾದ ಮೇಲೆ ಚಿಕ್ಕವ್ವನಿಗೆ ಹತ್ತಲು ಕಾಲು ಎಟುಕಲಿಲ್ಲ. “ಇದೇನ್ಲಾ, ಆನೆ ಕಟ್ಟಿದ್ಯಾ ಮನೆ ಮುಂದೆ?” ಎಂದು ಅವಳು ಸೊಂಟಕ್ಕೆ ಕೈಯಿಟ್ಟಳು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಅನಂತರಾಜು ನನ್ನ ಸ್ನೇಹಿತ. ಅವನ ಕೈಯಲ್ಲಿ ಅರಗಿನ ಬಣ್ಣದ ಒಂದು ಸ್ಟೂಲು ಮಾಡಿಸಿ ಹಿಂದೆ ತೂಗುಹಾಕಿದೆ. ಹೋದದ್ದಕ್ಕೆ ಇನ್ನೊಂದು ಕೆಲಸವೂ ಆಗಲಿ ಎಂದು, ಗೇರಿನ ಪಕ್ಕದ ಎರಡು ಸಣ್ಣ ಲಿವರುಗಳ ತುದಿಗೆ ಮರದ ಗುಂಡಿ ಮಾಡಿಕೊಡಲು ಹೇಳಿದೆ. ಹಳೆಯವು ಕಳಚಿ ಬಿದ್ದು ವರ್ಷಗಳಾಗಿದ್ದವು. ಒಂದು ಲಿವರು ಮುಂದಿನ ಚಕ್ರಗಳಿಗೂ ಎಳೆತ ಕೊಡುವುದು, ಇನ್ನೊಂದು ಗಾಡಿಯನ್ನು ಆಮೆಯ ನಡಿಗೆಗೂ ಆನೆಯ ಬಲಕ್ಕೂ ಇಳಿಸುವುದು. ಗುರುತಿಗೆ ಒಂದು ಕೆಂಪಿರಲಿ, ಒಂದು ಹಳದಿಯಿರಲಿ ಎಂದೆ. ಅನಂತರಾಜು ಎರಡನ್ನೂ ಕೆಂಪು ಮಾಡಿಟ್ಟಿದ್ದ. ಕೇಳಿದರೆ ನನಗೇ ಬುದ್ಧಿ ಹೇಳಿದ: “ಜೋಡಿ ಅಂದ್ಮೇಲೆ ಒಂದೇ ಬಣ್ಣ ಕಣಯ್ಯ. ನಮ್ಮಪ್ಪನ ಕಾಲದಿಂದ್ಲೂ ಬಣ್ಣ ಕೆಟ್ಟ ಜೋಡೀನ ಈ ಅಂಗ್ಡಿಯಿಂದ ಆಚೆಗೆ ಕಳ್ಸಿಲ್ಲ.” ಮನೆತನದ ಮರ್ಯಾದೆಯ ಮುಂದೆ ನಾಲ್ಕು ಚಕ್ರದ ಎಳೆತ ಯಾವ ಲೆಕ್ಕ? ಯಾವ ಕೆಂಪು ಯಾವುದಕ್ಕೆ ಎಂಬುದು ನನಗೆ ಗೊತ್ತಿತ್ತು, ಗಫಾರನಿಗೆ ಗೊತ್ತಿತ್ತು. ಸಾಕು ಎಂದುಕೊಂಡೆವು.

ಇನ್ನು ತಾವೇ ನಾಯಕರಾಗಿರುವ ಭಾಗಕ್ಕೆ ಬರುತ್ತೇನೆ. ಅರ್ಹತಾ ಪತ್ರಕ್ಕೆಂದು ಜೀಪು ತಂದ ದಿನ ಮಾರುಕಟ್ಟೆಯಲ್ಲಿ ಕೆಲಸವಿದ್ದ ಚಿಕ್ಕವ್ವನೂ ಜೊತೆಗಿದ್ದಳು, ತನ್ನ ಸೃಷ್ಟಿಯ ಪರೀಕ್ಷೆ ಕಣ್ಣಾರೆ ನೋಡಲು ಗಫಾರನೂ ಬಂದಿದ್ದ. “ನಾನೇ ಓಡಿಸಿ ನೋಡ್ತೀನಿ” ಎಂದಿರಿ. ಆ ಬಣ್ಣದ ಸ್ಟೂಲಿನ ಮೇಲೆ ಪಾದವಿಟ್ಟು ಹತ್ತಿದಿರಿ. ಸ್ಟೂಲನ್ನು ‘ಅನಧಿಕೃತ ಜೋಡಣೆ’ ಎಂದು ಆಮೇಲೆ ಬರೆದಿರಿ, ಇರಲಿ. ಗೇರು ಹಾಕಿದಿರಿ, ಹೋಗಲಿಲ್ಲ. ತಮ್ಮ ತೊಡೆ ತಗುಲಿ ಒಂದು ಕೆಂಪು ಲಿವರು ಎಳೆತ ತಪ್ಪಿ ನಡುವೆ ನಿಂತಿತ್ತು; ಇಂಜಿನ್ನು ಗರ್ಜಿಸುತ್ತಿತ್ತು, ಗಾಡಿ ಬಸವಣ್ಣನ ಹಾಗೆ ಕೂತಿತ್ತು.

“ಸಾ, ಆ ಕೆಂಪುದು ಅಲ್ಲ, ಈ ಕೆಂಪುದು!” ಎಂದ ಗಫಾರ್, ಕೆಳಗಿನಿಂದ.

“ಯಾವ ಕೆಂಪುದ್ರೀ?”

“ಕೆಂಪಗೈತಲ್ಲ ಸಾ, ಅದು!”

ತಾವು ರೋಸಿ ಎರಡನ್ನೂ ಒಟ್ಟಿಗೆ ಎಳೆದಿರಿ. ನಾಲ್ಕೂ ಚಕ್ರಕ್ಕೆ ಆನೆಬಲ ಬಂತು. ತಾವು ಗಾಬರಿಯಿಂದ ಎರಡೂ ಕಾಲು ಮೇಲಕ್ಕೆತ್ತಿಕೊಂಡಿರಿ. ಆ ಗೇರಿನಲ್ಲಿ ಅದಕ್ಕೆ ಯಾರ ಕಾಲೂ ಬೇಕಿಲ್ಲ, ತಾನೇ ತೆವಳಿಕೊಂಡು ಹೋಗುತ್ತದೆ. ಎದುರಿಗೆ ಜಲ್ಲಿಗುಡ್ಡೆಯಿತ್ತು. ಮದುವೆಮನೆಗೆ ಬೀಗರು ನಡೆದು ಬರುವಷ್ಟು ಗಾಂಭೀರ್ಯದಿಂದ ಜೀಪು ಅದನ್ನು ಹತ್ತಿತು. ನೆತ್ತಿಯಲ್ಲಿ ತಮಗೆ ಕೀಲಿಕೈ ನೆನಪಾಯಿತು. ಇಂಜಿನ್ನು ನಿಂತಿತು. ಸ್ಟೂಲು ಕೆಳಗೇ ಉಳಿದಿತ್ತು. ಅಷ್ಟೆತ್ತರದಿಂದ ತಾವು ನಮ್ಮನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಚಿಕ್ಕವ್ವ ಸೆರಗು ಸಿಕ್ಕಿಸಿಕೊಂಡು ಜಲ್ಲಿ ಹತ್ತಿ, ಸ್ಟೂಲನ್ನು ಒತ್ತಿ ಹಿಡಿದು, “ಇಳೀರಪ್ಪ, ಎದರ್ಕಬ್ಯಾಡಿ. ನಮ್ ಹಟ್ಟಿ ಮಕ್ಳೂ ಮೊದ್ಲು ಹಿಂಗೇ ಎದರ್ಕತಿದ್ವು” ಎಂದಳು. ಅವಳು ಹೇಳಿದ್ದು ಕಕ್ಕುಲಾತಿಯಿಂದಲೇ. ಆದರೆ ಆ ಮಾತು ಕಚೇರಿಯ ಕಿಟಕಿಗಳಿಗೂ ಕೇಳಿಸಿತು. ಕಿಟಕಿಗಳಲ್ಲಿ ತಮ್ಮ ಸಿಬ್ಬಂದಿಯೆಲ್ಲ ಇದ್ದರು. ಹಿಂಬರಹ ಅಷ್ಟು ಖಾರವಾಗಲು ಇದೇ ಕಾರಣವೆಂದು ನಾನು ಹೇಳುವುದಿಲ್ಲ, ಈ ಬಹಿರಂಗ ಪತ್ರದ ಓದುಗರು ಹೇಳಿಕೊಳ್ಳಲಿ. ‘ವಾಹನವು ಚಾಲಕನ ಇಚ್ಛೆಗೆ ವಿರುದ್ಧವಾಗಿ ಎತ್ತರದ ಪ್ರದೇಶಗಳಿಗೆ ತೆರಳುವ ಪ್ರವೃತ್ತಿ ಹೊಂದಿದೆ’ ಎಂಬ ವಾಕ್ಯವನ್ನು ಮಾತ್ರ ಗಫಾರ್ ಕನ್ನಡಿ ಹಾಕಿಸಿ ಗ್ಯಾರೇಜಿನಲ್ಲಿ ತೂಗುಹಾಕಿದ್ದಾನೆ. ಇದಕ್ಕಿಂತ ಒಳ್ಳೆಯ ಜಾಹೀರಾತು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲವಂತೆ.

ಅಂದಿನಿಂದ ಜೀಪನ್ನು ಯಾರೂ ಮುಟ್ಟಿಲ್ಲ. ನಾನು ಮುಟ್ಟಕೂಡದು, ಜಪ್ತಿಯಾಗಿದೆ. ತಮ್ಮ ಕಚೇರಿಯ ಡ್ರೈವರು ಒಮ್ಮೆ ಮೇಲೆ ಹತ್ತಿ ಇಣುಕಿ, ಲಿವರುಗಳನ್ನು ಎಣಿಸಿ, ಮನೆಯಲ್ಲಿ ಏನೋ ಕೆಲಸ ನೆನಪಾಯಿತೆಂದು ಹೊರಟುಹೋದರು. ಹೇಗೆ ಇಳಿಸುವುದೆಂದು ತಾವು ಗಫಾರನಿಗೆ ಹೇಳಿಕಳಿಸಿದಿರಿ. “ಓದ್ಕಂಡಿರೋರು, ಹುಡುಕ್ಕಳ್ಲಿ ಬುಡಣ್ಣ” ಎಂದು ಅವನು ಬೀಡಿ ಹಚ್ಚಿದ. ನಾನೂ ಬಾಯಿ ಬಿಡಬಾರದೆಂದು ಹಟ ಹಿಡಿದಿದ್ದೆ. ಈ ಜಗಳದಲ್ಲಿ ನನ್ನ ಕೈಲಿದ್ದ ಆಯುಧ ಅದೊಂದೇ.

ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ, ಸ್ವಾಮಿ. ದೊಡ್ಡ ಹುಳು ಸೊಪ್ಪು ತಿನ್ನುವ ಸದ್ದೂ ಮಳೆ ಬೀಳುವ ಸದ್ದೂ ಒಂದೇ ಥರ. ಒಳಗೆ ಸರಸರ ಎಂದಾಗಲೆಲ್ಲ ಎದ್ದು ಹೊರಗೆ ಹೋಗಿ ಆಕಾಶ ನೋಡುತ್ತೇನೆ. ಹೊರಗೆ ನಿಂತರೆ ಮಾಗಡಿಯ ಮೇಲೆ ಮೋಡ ಕಟ್ಟುವುದು ಕಾಣುತ್ತದೆ, ತಿರುಗಿ ಒಳಗೆ ಬರುತ್ತೇನೆ. ಹೋದ ಸಲ ಬಾಡಿಗೆ ವ್ಯಾನು ನಮ್ಮ ರಸ್ತೆಯ ಹಳ್ಳದಲ್ಲಿ ಹೂತು, ಚಿಕ್ಕವ್ವನ ಗೂಡು ವ್ಯಾನಿನೊಳಗೇ ತೂತಾಯಿತು. ಅವಳು ಅಂದು ಅಳಲಿಲ್ಲ. ಮೂಟೆಯ ಬಾಯಿ ಬಿಚ್ಚಿ, “ಹೋಗಿ, ನೀವಾದ್ರೂ ಹೋಗಿ” ಎಂದು ಚಿಟ್ಟೆಗಳಿಗೆ ದಾರಿ ಬಿಟ್ಟಳು. ನಾನು ಜೀಪು ಎತ್ತಿಸಿದ್ದು ಆಮೇಲೆ. ಇಂದು ಬೆಳಿಗ್ಗೆ ಅವಳು ತಟ್ಟೆಯಿಂದ ಒಂದು ಹುಳುವನ್ನು ಬೆರಳಿನ ಮೇಲೆ ಹತ್ತಿಸಿಕೊಂಡು ಬಂದು ತೋರಿಸಿದಳು. ಮೈ ಹಳದಿಗೆ ತಿರುಗಿ ಹೊಳೆಯುತ್ತಿತ್ತು. “ಹಣ್ಣಾಗಕ್ ಸುರುವಾಯ್ತು ಕಣ್ಲಾ. ನಿಮ್ಮಿಬ್ರ ಜಗ್ಳ ಯಾವಾಗ್ಲಾ ಹಣ್ಣಾಗೋದು?”

ಹಾಗಾಗಿ ಸೋಲುವವನು ನಾನೇ ಆಗುತ್ತೇನೆ. ನನ್ನ ಬೇಡಿಕೆ ಒಂದೇ: ಗೂಡು ಬಿಡಿಸುವ ದಿನಕ್ಕೆ ಜೀಪು ನಮ್ಮ ಮನೆ ಮುಂದಿರಲಿ. ರಸ್ತೆಯನ್ನು ಮೂಲ ಸ್ಥಿತಿಗೆ ತರುವಂತೆ ತಮ್ಮಂಥದೇ ಒಂದು ಹಿಂಬರಹ ಟಿಪ್ಪರಿನವರಿಗೂ ಹೋಗಲಿ. ಅದು ಜಾರಿಯಾದ ಮರುದಿನವೇ ಗಫಾರ್ ಕೈಯಿಂದ ಪ್ಲೇಟು ಬಿಚ್ಚಿಸುತ್ತೇನೆ, ಪೈಪು ಕೀಳಿಸುತ್ತೇನೆ. ಇನ್ನು ಇಳಿಸುವ ಗುಟ್ಟು, ಇಗೋ, ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ: ಎರಡು ಕೆಂಪು ಗುಂಡಿಗಳಲ್ಲಿ ಯಾವುದನ್ನೂ ಮುಟ್ಟಬೇಡಿ. ಈಗ ಹೇಗಿದೆಯೋ ಹಾಗೇ ಇರಲಿ. ಸ್ಟಾರ್ಟ್ ಮಾಡಿ, ರಿವರ್ಸ್ ಹಾಕಿ, ಎರಡೂ ಕಾಲು ಅಂದಿನಂತೆಯೇ ಮೇಲಕ್ಕೆತ್ತಿಕೊಳ್ಳಿ. ಅದೇ ಇಳಿದು ಬರುತ್ತದೆ.

ಇಂತಿ,
ಸ್ಟೂಲು ಹಿಡಿದುಕೊಂಡು ಗುಡ್ಡೆಯ ಬುಡದಲ್ಲಿ ಕಾದಿರುವ,
ಮುನೇಶ್
ತಿಪ್ಪಸಂದ್ರ ಹೋಬಳಿ, ಮಾಗಡಿ ತಾಲ್ಲೂಕು