ಮೂರೇ ಪುಟದಲ್ಲಿ ಕನ್ನಡ ಕಲಿತ ಏಲಿಯನ್‌ಗಳು

ಪ್ರಹ್ಲಾದ,

ಇದನ್ನು ನೀನು ಓದುವುದಿಲ್ಲ. ಆದರೂ ಇಂಥ ಸಿಟ್ಟನ್ನು ನಿನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ತೀರಿಸಿಕೊಳ್ಳಲಿ?

ಇವತ್ತು ಒಂದು ಏಲಿಯನ್ ಕಥೆ ಓದಿ ತಲೆ ಕೆಟ್ಟುಹೋಯಿತು. ಅವು ಬನಶಂಕರಿಯಲ್ಲಿ ಇಳಿದು, ಮೂರೇ ಪುಟದಲ್ಲಿ ಕನ್ನಡ ಕಲಿತು, ಮನುಷ್ಯರ ಮನಸ್ಸಿನಲ್ಲಿರುವುದನ್ನೆಲ್ಲ ತಿಳಿದುಬಿಡುತ್ತವಂತೆ. ಎಂಥ ಸುಳ್ಳು! ನನ್ನ ಜೊತೆ ಒಂದೇ ಬೀದಿಯಲ್ಲಿ ಬೆಳೆದ ನೀನು ಕೊನೆಯ ಸಲ ಫೋನಿನಲ್ಲಿ, "ಬಿಡೋ, ನಿಂಗೆ ಹೇಳಿದ್ರೂ ಅರ್ಥ ಆಗಲ್ಲ" ಅಂದೆಯಲ್ಲ, ಏನು ಅರ್ಥವಾಗುವುದಿಲ್ಲ ಎಂಬುದೇ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಮೇಲೆ ನೀನು ಫೋನ್ ಎತ್ತಲೇ ಇಲ್ಲ.

ಆ ಸಿಟ್ಟಿನಲ್ಲೇ ಜಯನಗರದ ನಮ್ಮ ದರ್ಶಿನಿಗೆ ಹೋದೆ. ಕಥೆ ಓದಿ ಮುಗಿಸಿದಾಗಲೆಲ್ಲ ನಾವು ಜಗಳ ಆಡುತ್ತಿದ್ದದ್ದು ಅಲ್ಲೇ ತಾನೆ? ಅಭ್ಯಾಸಬಲದಿಂದ "ಒಂದು ಬೈಟೂ ಕಾಫಿ" ಅಂದುಬಿಟ್ಟೆ. ಕೌಂಟರಿನವರು ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ನನ್ನ ಮುಂದಿಟ್ಟು, "ಇನ್ನೊಬ್ರು ಎಲ್ಲಿ ಸಾರ್?" ಅಂದರು.

"ಗಾಡಿ ಪಾರ್ಕ್ ಮಾಡ್ತಿದ್ದಾನೆ" ಅಂದೆ.

ಇಲ್ಲಿ ಜಾಗ ಸಿಗುವುದು ಎಷ್ಟು ಕಷ್ಟ ಅಂತ ಅವರಿಗೂ ಗೊತ್ತು. ಆರಿಹೋಗದಿರಲಿ ಎಂದು ನಿನ್ನ ಲೋಟದ ಮೇಲೆ ಒಂದು ತಟ್ಟೆ ಮುಚ್ಚಿಟ್ಟರು.