ಮೂರು ಬಂದೂಕು ಅಂದುಬಿಟ್ಟೆ

ಅಪ್ಪ,

ಲಾನೊ ಕಡೆ ಜಿಂಕೆ ಬೇಟೆಗೆ ಒಂದು ಜಾಗ ಬಾಡಿಗೆಗಿದೆ, ನೋಡಲು ಹೊರಟಿದ್ದೇನೆ. ನಾವು ಬೇಟೆಗೆ ಹೋಗುತ್ತಿದ್ದ ಹಳೆಯ ಜಾಗ ಮಾರಾಟವಾಯಿತೆಂದು ನೀನು ಬೇಸಿಗೆಯಿಡೀ ಕೂತುಬಿಟ್ಟೆ. ನವೆಂಬರ್‌ಗೆ ಬೇಟೆ ಶುರು, ಅದು ನಿನಗಾಗಿ ಕಾಯುವುದಿಲ್ಲ.

ಬೀನ್ಸ್ ಒಲೆಯ ಮೇಲಿದೆ. ಬಿಸಿ ಮಾಡಿಕೊಂಡು ತಿನ್ನು, ನಿಂತುಕೊಂಡಲ್ಲ, ಮೇಜಿನ ಹತ್ತಿರ ಕೂತು.

ಜಾಗದ ಒಡತಿ ಮಿಸೆಸ್ ಕ್ರೆನೆಕ್ ಗಂಡಸರ ಗುಂಪಿಗೆ ಕೊಡುವುದಿಲ್ಲ, ಕುಟುಂಬಕ್ಕೆ ಮಾತ್ರ. "ಅವರು ಕುಡಿದು ಗೇಟು ತೆರೆದಿಟ್ಟು ಹೋಗ್ತಾರೆ. ಆಮೇಲೆ ನನ್ನ ದನ ನೀನು ಹುಡುಕ್ಕೊಡ್ತೀಯಾ?" ಅಂದಳು. "ನಿಮ್ಮನೇಲಿ ಎಷ್ಟು ಬಂದೂಕಮ್ಮ?" ಅಂತ ಕೇಳಿದಳು. ಬೇಟೆಗೆ ಬರುವವರು ಎಷ್ಟು ಜನ ಅಂತ ಅದರರ್ಥ. ನೀನು, ಅಮ್ಮ, ನಾನು, ಪ್ರತಿ ವರ್ಷದ ಹಾಗೆ ಮೂರು ಅಂದುಬಿಟ್ಟೆ. ಫೋನಿಟ್ಟ ಮೇಲೆ ನೆನಪಾಯಿತು. ಅವಳು ಆಗಲೇ ಜಿಂಕೆಗೆ ಕಾದು ಕೂರುವ ಮೂರು ಅಟ್ಟಣಿಗೆ ರಿಪೇರಿ ಮಾಡಿಸಿದ್ದಾಳೆ. ಅಮ್ಮ ಫೆಬ್ರವರಿಯಲ್ಲಿ ತೀರಿಹೋದಳೆಂದು ಇವತ್ತು ನಾನೇ ಹೇಳಬೇಕು.

ಅಮ್ಮನ ಬಂದೂಕಿಗೆ ಎಣ್ಣೆ ಹಾಕು, ತುಕ್ಕು ಹಿಡಿಯುತ್ತಿದೆ. ಮಾರುವ ಮಾತೆತ್ತಬೇಡ.

ಬಾಡಿಗೆ ಪತ್ರಕ್ಕೆ ಸಹಿ ಹಾಕುವುದು ಭಾನುವಾರ. ಮನೆಯವರೆಲ್ಲ ಬರಬೇಕಂತೆ. ಗಡ್ಡ ಬೋಳಿಸಿಕೊಂಡು ಬಾ. ನಾನೊಬ್ಬಳೇ ಹೋಗಿ ನಿಂತರೆ ಅದನ್ನು ಕುಟುಂಬವೆಂದು ಅವಳು ಒಪ್ಪುವುದಿಲ್ಲ. ಈ ಮನೆಯಲ್ಲಿದ್ದುಕೊಂಡೇ ಇದು ಕುಟುಂಬವೆಂದು ನನಗೂ ಒಪ್ಪಲು ಆಗುತ್ತಿಲ್ಲ.

ಲೊರೀನ್