ದೇವರ ದನದ ಓನರ್

೩ ಜೂನ್ ೧೯೦೮, ಚಳ್ಳಕೆರೆ

ಬೆಳಗ್ಗೆಯಿಂದ ಕಚೇರಿಯಲ್ಲಿ ಕೂತು ಸಾಹೇಬರಿಗಾಗಿ ಒಂಬತ್ತು ಹೇಳಿಕೆ ಇಂಗ್ಲಿಷಿಗೆ ಇಳಿಸಿದೆ. ಬೆರಳು ಸೆಡೆತಿವೆ. ಕೊನೆಯದು ಮೊಳಕಾಲ್ಮೂರು ಕಡೆಯ ಗೊಲ್ಲರಹಟ್ಟಿಯ ಪಾತಣ್ಣನದು. ಅವನು ಮೇಯಿಸುವ ಹದಿನಾರು ದನ ಸರ್ಕಾರಿ ಕಾವಲಿನ ಹುಲ್ಲಿಗೆ ನುಗ್ಗಿ, ಈಗ ಇಲ್ಲಿನ ದೊಡ್ಡಿಯಲ್ಲಿ ಸೆರೆಯಾಗಿವೆ. ಬಿಡಿಸಿಕೊಳ್ಳಲು ಬಂದಿದ್ದಾನೆ.

"ದನ ನಿಂದೇ ಏನಲೇ?"

"ಅಲ್ಲ ಸ್ವಾಮಿ, ದೇವರವು. ಹಾಲು ಸೈತ ಕರೆಯಂಗಿಲ್ಲ. ನಾನು ಕಾಯೋನು ಅಷ್ಟೆ."

ಓನರ್ ಎಂದು ಬರೆದರೆ ಸಂಜೆಯೊಳಗೆ ಹಟ್ಟಿ ಸೇರುತ್ತವೆ. ಬಿಡಿಸಿ ಹೇಳಿದೆ. ಕೆನ್ನೆ ಬಡಿದುಕೊಂಡ.

"ಆ ಮಾತು ಬ್ಯಾಡ್ರಿ. ದೇವರ ದನ ನಂದು ಅಂದ್ರೆ ವಂಶ ಉಳಿಯಂಗಿಲ್ಲ."

ಸರಿ. ಮಾಸ್ಟರ್? ಅದೂ ಯಜಮಾನನೇ. ಸರ್ವೆಂಟ್? ಸಂಬಳ ಕೊಡುವವರು ಯಾರು? ಗಾರ್ಡಿಯನ್? ಅದು ಮೈನರ್ ಮಕ್ಕಳಿಗೆ... ದೇವರೇನು ಮೈನರೇ? ನಗು ಬಂತು. ಕೀಪರ್ — ಕಾಯುವವನು, ಒಡೆಯನಲ್ಲ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೆಟ್ರಿಕ್ ಓದಿದ್ದು ಸಾರ್ಥಕ ಎನ್ನಿಸಿತು.

೪ ಜೂನ್

ಸಾಹೇಬರು ಹೇಳಿಕೆ ಓದಿದರು. "ವೆರಿ ಎಕ್ಸಾಕ್ಟ್, ಜಂಬುಲಿಂಗಪ್ಪ." ಹಿಗ್ಗಿದೆ. ಕೂಡಲೇ ಷರಾ ಬರೆದರು — ಇವನು ಕೀಪರ್ ಮಾತ್ರ. ಹದಿನೈದು ದಿನದಲ್ಲಿ ಓನರ್ ಬಾರದಿದ್ದರೆ ಹರಾಜು.

ಓನರ್ ಎಲ್ಲಿಂದ ಬರಬೇಕು? ಗುಡಿಯಿಂದ ಎದ್ದು ಬರುತ್ತಾನೆಯೇ? ದನ ತನ್ನದೆಂದು ಬರೆಸಬಹುದೇ ಎಂದು ಹಿರಿಯರನ್ನು ಕೇಳಿಕೊಂಡು ಬರುತ್ತೇನೆಂದು ಪಾತಣ್ಣ ಹಟ್ಟಿಗೆ ಹೊರಟ. ಬೇಗ ಬಾ ಎಂದೆ.

೨೦ ಜೂನ್, ಸಂಜೆ

ಬರಲಿಲ್ಲ. ಹರಾಜಾಯಿತು. ಯಾರೂ ಹಾಲು ಕರೆಯದ ಹಸುಗಳು, ನೊಗ ಕಂಡಿರದ ಹೋರಿಗಳು. ಬಳ್ಳಾರಿ ಕಡೆಯವರು ಹೊಡೆದುಕೊಂಡು ಹೋದರು.

ವಕೀಲ ಶಾಂತವೀರಪ್ಪನವರು ಎಲೆಯಡಿಕೆ ಮೆಲ್ಲುತ್ತಾ ಹೇಳಿದರು, "ಗಾರ್ಡಿಯನ್ ಅಂತ ಹಾಕಿದ್ರೆ ದನ ಬಿಡ್ತಿದ್ರಲ್ರೀ. ಕೋರ್ಟಿನ ಕಣ್ಣಿಗೆ ದೇವರು ಮೈನರೇ."

ಆ ಪದ ನಾಲಿಗೆ ತುದಿಗೆ ಬಂದಿತ್ತು. ನಗಾಡಿ ಬಿಟ್ಟೆ. ಥೂ, ನನ್ನ ಇಂಗ್ಲಿಷಿಗಿಷ್ಟು ಬೆಂಕಿ ಹಾಕ.

೨೨ ಜೂನ್

ಪಾತಣ್ಣ ಬಂದ. ತಲೆ ಬೋಳಿಸಿಕೊಂಡಿದ್ದಾನೆ — ಮೊದಲೇ ದೇವರಿಗೆ ತಪ್ಪೊಪ್ಪಿಕೊಂಡು ಬಂದಿದ್ದಾನಂತೆ.

"ಅಪ್ಪಣೆ ಸಿಗೋದು ತಡವಾತು ಸ್ವಾಮಿ. ಪಾಪ ನನ್ ಮ್ಯಾಲೇ ಇರ್ಲಿ. ದನ ನಂದೇ ಅಂತ ಬರೀರಿ."

ಹರಾಜಾದದ್ದು ಅವನಿಗಿನ್ನೂ ಗೊತ್ತಿಲ್ಲ. ಕಾಗದ ಎಳೆದುಕೊಂಡು ಓನರ್ ಎಂದು ದುಂಡಗೆ ಬರೆದೆ. ಹೆಬ್ಬೆಟ್ಟು ಒತ್ತಿದ. ಮಸಿಯನ್ನು ಕಂಬಳಿಗೆ ಒರೆಸಿಕೊಂಡು ಕೇಳಿದ —

"ದೊಡ್ಡಿ ಬಾಗ್ಲು ಯಾವ ಕಡೆ ಐತೆ ಸ್ವಾಮಿ?"

ನಾನು ಎದ್ದು ಅವನನ್ನು ಖಾಲಿ ದೊಡ್ಡಿಯ ಕಡೆ ಕರೆದುಕೊಂಡು ಹೋದೆ.